ಸೀ–ಸಾ: ಮೇಲಿನವನು, ಕೆಳಗಿನವನು

ಮತ ಎಣಿಕೆಯ ದಿನ ಮುನ್ನಡೆ ಸುತ್ತಿಗೊಮ್ಮೆ ಅದಲುಬದಲಾದರೆ ನಮ್ಮ ಪತ್ರಿಕೆಗಳು ‘ಹಾವು ಏಣಿ ಆಟ’ ಎನ್ನುತ್ತವೆ. ಹೋಲಿಕೆ ಅಷ್ಟು ಸರಿಯಲ್ಲ. ನನ್ನನ್ನು ಹಾವು ನುಂಗಿದ ಮಾತ್ರಕ್ಕೆ ನೀವು ಏಣಿ ಹತ್ತುವುದಿಲ್ಲವಲ್ಲ! ಒಂದು ತುದಿ ಇಳಿದರೇನೇ ಇನ್ನೊಂದು ಏರುವುದು ನಮ್ಮ ಬಾವಿಯ ಏತದಲ್ಲಿ. ಇಂಗ್ಲಿಷಿನವರು ಇಂಥ ಏರಿಳಿತಕ್ಕೆ ‘ಸೀ–ಸಾ’ ಎನ್ನುತ್ತಾರೆ.

ಕೇಳಿದೊಡನೆ ಪಾರ್ಕಿನ ಹಲಗೆ ಕಣ್ಮುಂದೆ ಬರುತ್ತದೆ. ಆದರೆ ಈ ಮಾತಿನ ತವರು ಮರ ಕೊಯ್ಯುವವರ ಗುಂಡಿ ಎಂದೇ ಪದಕೋಶದವರ ಎಣಿಕೆ. ‘ಸಾ’ ಎಂದರೆ ಗರಗಸ. ‘ಸೀ’ಗೂ ನೋಡುವುದಕ್ಕೂ ನಂಟಿಲ್ಲ, ಟಿಕ್‌ಟಾಕ್, ಜಿಗ್‌ಜಾಗ್‌ಗಳಲ್ಲಿ ಇರುವಂತೆ ಲಯಕ್ಕಾಗಿ ಮುಂದೆ ಬಂದು ಕೂತ ಜೊತೆಗಾರ. 1640ರಲ್ಲಿ ಅಚ್ಚಾದ ರಿಚರ್ಡ್ ಬ್ರೋಮ್‌ನ ನಾಟಕವೊಂದರಲ್ಲಿ ಮರ ಕೊಯ್ಯುವವರ ಹೆಸರಿನೊಂದಿಗೇ ಈ ಪಲ್ಲವಿ ಬರುತ್ತದೆ. ಮಕ್ಕಳ ಆಟಕ್ಕೆ ಅದು ಸಿಗುವುದು 1704ರ ಹೊತ್ತಿಗೆ.

ಗುಂಡಿ ಆಳುದ್ದ. ಅದರ ಮೇಲೆ ದಿಮ್ಮಿ ಮಲಗಿಸಿ, ಕಬ್ಬಿಣದ ಕೊಕ್ಕೆಗಳಿಂದ ಬಿಗಿದು, ಬಣ್ಣ ಹಚ್ಚಿದ ದಾರ ಚಿಮ್ಮಿಸಿ ಗೆರೆ ಮೂಡಿಸುತ್ತಿದ್ದರು. ಒಬ್ಬ ದಿಮ್ಮಿಯ ಮೇಲೆ, ಇನ್ನೊಬ್ಬ ಗುಂಡಿಯೊಳಗೆ. ಹಲ್ಲುಗಳ ಮುಖ ಕೆಳಕ್ಕೆ. ಹಾಗಾಗಿ ಗರಗಸ ಇಳಿಯುವಾಗ ಮಾತ್ರ ಕೊಯ್ಯುತ್ತದೆ. ಕೆಳಗಿನವನ ಕೆಲಸ ಜಗ್ಗುವುದು, ಮೇಲಿನವನದು ಎತ್ತುವುದು ಮತ್ತು ಗೆರೆ ಕಾಯುವುದು. ಅಲಗು ಉದ್ದ, ತೆಳು: ಎಳೆದರೆ ನೆಟ್ಟಗಿರುತ್ತದೆ, ತಳ್ಳಿದರೆ ಬಳುಕುತ್ತದೆ. ಮೇಲಿನವನು ಅವಸರಕ್ಕೆ ಬಿದ್ದು ಒತ್ತಿದನೋ, ಕೊಯ್ತ ಗೆರೆ ಬಿಟ್ಟಿತು. ಹಲಗೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಬಗ್ಗಿಸಿರದಿದ್ದರೆ ಸೀಳು ಕಿರಿದಾಗಿ ಅಲಗು ಸಿಕ್ಕಿಕೊಳ್ಳುತ್ತದೆ. ಮರವೇ ಬಿಗಿದರೆ ಸೀಳಿಗೆ ಬೆಣೆ ಹೊಡೆದು ಅಲಗಿಗೆ ಎಣ್ಣೆ ಸವರಬೇಕು. ಕೆಳಗಿನ ಹಿಡಿಯನ್ನು ಕಳಚುವಂತೆ ಮಾಡಿರುತ್ತಿದ್ದರು, ಗರಗಸವನ್ನು ಸೀಳಿನಿಂದ ಮೇಲಕ್ಕೆ ಸೆಳೆದು ತೆಗೆಯಲು.

ಪಾರ್ಕಿನ ಹಲಗೆಯಲ್ಲಿ ಈ ತಾರತಮ್ಯವಿಲ್ಲ. 30 ಕಿಲೋ ತೂಗುವ ಅಣ್ಣ ನಡುವಿನಿಂದ 1 ಮೀಟರ್‌ನಲ್ಲಿ, 20 ಕಿಲೋದ ತಮ್ಮ ಒಂದೂವರೆ ಮೀಟರ್‌ನಲ್ಲಿ ಕೂತರೆ ಲೆಕ್ಕ ಚುಕ್ತಾ. ಇಬ್ಬರಿಗೂ ಮೇಲೇರುವ ಸರದಿ ಉಂಟು. ಗುಂಡಿಯಲ್ಲಿ ಏರಿಳಿಯುತ್ತಿದ್ದುದು ಗರಗಸವೊಂದೇ. ಮರದ ಪುಡಿಯೆಲ್ಲ ಕೆಳಗಿನವನ ಕಣ್ಣಿಗೆ. ಇಂಗ್ಲಿಷ್ ಮಾತೂ ಅವನನ್ನು ಮರೆಯಿತು. ‘ಟಾಪ್ ಸಾಯರ್’, ಅಂದರೆ ಮೇಲೆ ನಿಂತು ಕೊಯ್ಯುವವನು, ದೊಡ್ಡ ಮನುಷ್ಯ ಎಂದು ರೂಢಿಯಾಯಿತು. ‘ಅಂಡರ್‌ಡಾಗ್’ ಈ ಕೆಳಗಿನವನೇ ಎಂದು ಹೇಳುವವರಿದ್ದಾರೆ, ಆದರೆ ಅದು ನಾಯಿ ಕಾಳಗದಲ್ಲಿ ಸೋತ ನಾಯಿಯ ಹೆಸರು.