ಕಾಣುತ್ತದೆ, ಹೇಳುತ್ತೇವೆ, ತಡೆಯುವುದಿಲ್ಲ

ಆಸ್ಟ್ರೇಲಿಯಾದ ಆಕಾಶದಲ್ಲಿ ಪ್ರಜಾಪ್ರಭುತ್ವ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಬೇಕಿದ್ದರೆ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಹುಡುಕಬಾರದು. ಅಲ್ಲಿ ಟವರ್ ಇದೆ, ನಿಯಂತ್ರಕರಿದ್ದಾರೆ. ಇಳಿ ಎಂದರೆ ಇಳಿಯಬೇಕು, ಕಾಯಿ ಎಂದರೆ ಕಾಯಬೇಕು. ನಿಜವಾದ ಸ್ವಾತಂತ್ರ್ಯ ಕಾಣಬೇಕಾದರೆ ಟವರ್ ಇಲ್ಲದ ಮಿಲ್ಡುರಾದಂಥ ಊರಿಗೆ ಹೋಗಬೇಕು. ಅಲ್ಲಿ ಟಿಕೆಟ್ ಕೊಂಡ ಪ್ರಯಾಣಿಕರನ್ನು ಹೊತ್ತ ವಿಮಾನಕ್ಕೂ, ನಾಲ್ಕು ಸೀಟಿನ ಖಾಸಗಿ ಪೈಪರ್ ವಿಮಾನಕ್ಕೂ ಸಿಕ್ಕಿರುವುದು ಒಂದೇ ಹಕ್ಕು: ತಾನು ಎಲ್ಲಿದ್ದೇನೆಂದು ರೇಡಿಯೊದಲ್ಲಿ ಸಾರುವುದು. ಕೇಳಿಸಿಕೊಂಡವರು ದಾರಿ ಬಿಡುತ್ತಾರೆ. ಕೇಳಿಸದಿದ್ದರೆ ದೇವರು ಕಣ್ಣು ಕೊಟ್ಟಿದ್ದಾನೆ. ಘಾಟಿಯ ತಿರುವಿನಲ್ಲಿ ‘ಹಾರನ್ ಮಾಡಿ’ ಎಂಬ ಫಲಕ ನೆಟ್ಟು ಇಲಾಖೆ ಕೈ ತೊಳೆದುಕೊಳ್ಳುತ್ತದಲ್ಲ, ಅದೇ ಏರ್ಪಾಡು. ಇದಕ್ಕೆ ‘ನಿಯಂತ್ರಣವಿಲ್ಲದ ವಾಯುಪ್ರದೇಶ’ ಎಂದೇ ಹೆಸರು. ಸರ್ಕಾರಿ ಕಡತದಲ್ಲಿ ಇಷ್ಟು ಪ್ರಾಮಾಣಿಕ ಹೆಸರು ಸಿಗುವುದು ಅಪರೂಪ.

2023ರ ಜೂನ್ 6ರಂದು ಮಿಲ್ಡುರಾದಲ್ಲಿ ಈ ಸ್ವಾತಂತ್ರ್ಯದ ಒಂದು ಪ್ರದರ್ಶನ ನಡೆಯಿತು. ಅಲ್ಲಿನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಒಂದರ ತುದಿಯಲ್ಲಿ ಪ್ರಯಾಣಿಕರ ಡ್ಯಾಶ್ 8 ವಿಮಾನ ನಿಂತಿತ್ತು, ಇನ್ನೊಂದರ ತುದಿಯಲ್ಲಿ ಪೈಪರ್. ಆ ತುದಿಯಲ್ಲಿ ನಿಂತವರಿಗೆ ಈ ತುದಿ ಕಾಣುವುದಿಲ್ಲ. ಪೈಪರ್ ಪೈಲಟ್ ನಿಯಮದಂತೆ ರೇಡಿಯೊದಲ್ಲಿ ಹೇಳಿದರು. ಆದರೆ ರನ್‌ವೇ 36 ಎನ್ನುವ ಬದಲು 35 ಎಂದುಬಿಟ್ಟರು. ಮಿಲ್ಡುರಾದಲ್ಲಿ 35 ಎಂಬ ರನ್‌ವೇ ಇಲ್ಲ. ಪಕ್ಕದ ವೆಂಟ್‌ವರ್ತ್‌ನಲ್ಲಿದೆ. ಎರಡೂ ಊರುಗಳಿಗೆ ಇರುವುದು ಒಂದೇ ತರಂಗಾಂತರ. ಹಾಗಾಗಿ ಡ್ಯಾಶ್ 8ರ ಪೈಲಟ್‌ಗಳು ‘ಇದು ವೆಂಟ್‌ವರ್ತ್‌ನವರ ಸುದ್ದಿ’ ಎಂದುಕೊಂಡು ಹೊರಟರು. ಪೈಪರ್ ಕೂಡ ಹೊರಟಿತು. ದೊಡ್ಡದು ಸಣ್ಣದರ ಮುಂದೆ ಅಡ್ಡಹಾಯ್ದು ಹೋಯಿತು. ಡಿಕ್ಕಿಯಾಗಲಿಲ್ಲ. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿರುವ ಆ ಊರಿನಲ್ಲೂ ಹೊರಡುವ ಮುನ್ನ ಗಗನಸಖಿ ಲೈಫ್ ಜಾಕೆಟ್ ತೊಡುವುದು ಹೇಗೆಂದು ತೋರಿಸಿಯೇ ಇದ್ದಿರಬೇಕು. ಸುರಕ್ಷತೆ ವಿಷಯದಲ್ಲಿ ರಾಜಿ ಇಲ್ಲ, ನೋಡಿ.

ಅಧಿಕಾರಿಗಳು ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ಬಲಿನಾದ ಕತೆ ಕೇಳಿ. ಬೈರನ್ ಬೇ ಕಡಲತೀರಕ್ಕೆ ಹೋಗುವ ಹಲವರು ಇಳಿಯುವ ನಿಲ್ದಾಣ ಅದು. ಏರ್‌ಬಸ್ ಎ320ಗಳು ಬರುತ್ತವೆ. ಸುತ್ತಲಿನ ಸಣ್ಣಪುಟ್ಟ ನಿಲ್ದಾಣಗಳ ಹವ್ಯಾಸಿ ಪೈಲಟ್‌ಗಳೂ ಅದೇ ತರಂಗಾಂತರದಲ್ಲಿ ಮಾತನಾಡುತ್ತಿದ್ದರು. ಗದ್ದಲ ಹೆಚ್ಚಿತೆಂದು 2017ರಲ್ಲಿ ನೆಲದ ಮೇಲೆ ಒಬ್ಬ ರೇಡಿಯೊ ನಿರ್ವಾಹಕರನ್ನು ಕೂರಿಸಿದರು. ಯಾವ ವಿಮಾನ ಎಲ್ಲಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಲ್ಲವನ್ನೂ ಅವರು ಹೇಳಬಹುದಿತ್ತು. ‘ನೀವು ತಡೆಯಿರಿ, ಅವರು ಮೊದಲು ಇಳಿಯಲಿ’ ಎಂಬ ಒಂದು ಮಾತು ಮಾತ್ರ ಆಡುವಂತಿರಲಿಲ್ಲ. ಅದಕ್ಕೆ ಬೇರೆ ಹುದ್ದೆ, ಬೇರೆ ಪರವಾನಗಿ, ಬೇರೆ ಬಜೆಟ್ಟು ಬೇಕು. 2020ರ ನವೆಂಬರ್‌ನಲ್ಲಿ ಒಂದು ಎ320 ಮತ್ತು ಒಂದು ಪುಟ್ಟ ಜಬಿರು ವಿಮಾನ ತೀರಾ ಹತ್ತಿರ ಬಂದವು. ಇಲಾಖೆ ಎಚ್ಚೆತ್ತಿತು, 2021ರಲ್ಲಿ ಬ್ರಿಸ್ಬೇನ್‌ನಲ್ಲಿ ಕೂತು ಕಂಪ್ಯೂಟರ್ ಪರದೆಯ ಮೇಲೆ ಎಲ್ಲವನ್ನೂ ನೋಡುತ್ತಾ ಹೇಳುವ ಸೇವೆಯನ್ನು ತಂದಿತು. ಈಗ ನೋಡುವವರೂ ಇದ್ದರು, ಹೇಳುವವರೂ ಇದ್ದರು. ಎರಡು ಚುಕ್ಕೆಗಳು ಒಂದರತ್ತ ಒಂದು ಸರಿಯುವುದನ್ನು ನೋಡಿ, ‘ನಿಮ್ಮೆದುರು ಒಬ್ಬರಿದ್ದಾರೆ’ ಎಂದು ವಿನಯದಿಂದ ತಿಳಿಸಬಹುದಿತ್ತು. ದೂರವಿಡುವ ಅಧಿಕಾರ ಆಗಲೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದನ್ನು ಇಷ್ಟು ದುಬಾರಿ ಯಂತ್ರಗಳಿಂದ ಸಾಧಿಸಿದವರು ಬೇರೆಲ್ಲೂ ಇರಲಿಕ್ಕಿಲ್ಲ.

ಬರೀ ಹೇಳುವುದರಿಂದ ಏನಾಗುತ್ತದೆ ಎಂಬುದು ಅಷ್ಟು ಹೊತ್ತಿಗೆ ಗೊತ್ತಿರಲಿಲ್ಲವೆಂದಲ್ಲ. ವಿಕ್ಟೋರಿಯಾದಲ್ಲಿ ನಮ್ಮ ಮಂಗಳೂರಿನ ಹೆಸರನ್ನೇ ಹೊತ್ತ ಒಂದು ಪುಟ್ಟ ವಿಮಾನ ನಿಲ್ದಾಣವಿದೆ. 2020ರ ಫೆಬ್ರವರಿ 19ರಂದು ಅದರ ಹತ್ತಿರ, ಇಂಥದೇ ಆಕಾಶದಲ್ಲಿ, ಎರಡು ಸಣ್ಣ ವಿಮಾನಗಳು ಡಿಕ್ಕಿಯಾಗಿ ನಾಲ್ವರು ಸತ್ತರು. ಒಬ್ಬರ ವಿಷಯವನ್ನು ಇನ್ನೊಬ್ಬರಿಗೆ ನಿಯಂತ್ರಕರು ಮೊದಲೇ ತಿಳಿಸಿದ್ದರು. ಕಾಗದದ ಮೇಲೆ ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿತ್ತು.

ಇನ್ನು ಉಳಿದದ್ದು ಕಣ್ಣು. ‘ನೋಡಿ, ತಪ್ಪಿಸಿಕೊಳ್ಳಿ’ ಎಂಬುದು ಈ ಆಕಾಶದ ಕೊನೆಯ ಕಾನೂನು. ಎದುರಿನ ವಿಮಾನವನ್ನು ಕಂಡು, ಗುರುತಿಸಿ, ಅಪಾಯವೆಂದು ಅರಿತು, ತಿರುಗಿಸಲು ಸುಮಾರು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಆಡಳಿತವೇ ಲೆಕ್ಕ ಕೊಟ್ಟಿದೆ. 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿಲೋಮೀಟರ್ ವೇಗದ ಜೆಟ್ ಅಷ್ಟರಲ್ಲಿ 1.6 ಕಿಲೋಮೀಟರ್ ದಾಟಿರುತ್ತದೆ. ಎದುರಿನದರ ಪಾಲು ಬೇರೆ. ಈ ಕಣ್ಣಿನ ಇತಿಮಿತಿಗಳ ಬಗ್ಗೆ ಆಸ್ಟ್ರೇಲಿಯಾದ ವಿಮಾನ ಅಪಘಾತ ತನಿಖಾ ಸಂಸ್ಥೆಯೇ 1991ರಲ್ಲಿ ವರದಿ ಬರೆದಿತ್ತು. ವರದಿ ಚೆನ್ನಾಗಿದೆ. ಓದಿದವರೆಲ್ಲ ಹೊಗಳುತ್ತಾರೆ, ಉಲ್ಲೇಖಿಸುತ್ತಾರೆ, ಕಪಾಟಿಗೆ ಸೇರಿಸುತ್ತಾರೆ.

ಸಣ್ಣ ಊರಿನವರಿಗೆ ಇಷ್ಟೆಲ್ಲ ತಾರತಮ್ಯವೇ ಎಂದು ಯಾರೂ ದೂರಬೇಕಿಲ್ಲ. 2022 ಮತ್ತು 2023ರಲ್ಲಿ ನಿಯಂತ್ರಕರ ಕೊರತೆ ಬಿದ್ದು, ಸದಾ ನಿಯಂತ್ರಣದಲ್ಲಿದ್ದ ಆಕಾಶದ ಕೆಲವು ಭಾಗಗಳನ್ನೂ ಗಂಟೆಗಟ್ಟಲೆ ಹಾಗೇ ಬಿಟ್ಟರು. ದೊಡ್ಡ ಜೆಟ್‌ಗಳ ಪೈಲಟ್‌ಗಳೂ ರೇಡಿಯೊದಲ್ಲಿ ತಮ್ಮ ತಮ್ಮ ಜಾಗ ಸಾರಿಕೊಳ್ಳುತ್ತಾ ಸಾಗಿದರು. ಮಿಲ್ಡುರಾಕ್ಕೆ ಸಿಡ್ನಿಯ ಸೌಲಭ್ಯ ಬರಲಿಲ್ಲ ನಿಜ. ಮಿಲ್ಡುರಾದ ಸೌಲಭ್ಯ ಮಾತ್ರ ಯಾವ ಅರ್ಜಿಯೂ ಇಲ್ಲದೆ ಮೇಲಕ್ಕೇರಿತು.