ಬ್ಯಾಕಪ್ ಆಯ್ತು ಅಂತ ಫೋಟೋ ಡಿಲೀಟ್ ಮಾಡಬೇಡಿ: ಒಂದು ಸ್ಪಷ್ಟನೆ

"ಬ್ಯಾಕಪ್ ಆಯ್ತಲ್ಲ, ಇನ್ನು ಫೋಟೋ ಡಿಲೀಟ್ ಮಾಡಿ, ಗೂಗಲ್‌ನಲ್ಲಿ ಹಾಗೇ ಇರುತ್ತದೆ" ಎಂಬ ಮೆಸೇಜು ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದನ್ನು ಸುಮ್ನೆ ನಂಬಬೇಡಿ. ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಕಸದ ಬುಟ್ಟಿಯ ಚಿಹ್ನೆ ಒತ್ತಿದರೆ ಫೋಟೋ ಫೋನಿನಿಂದಲೂ ಹೋಗುತ್ತದೆ, ಕ್ಲೌಡ್‌ನಿಂದಲೂ (ಗೂಗಲ್‌ನಲ್ಲಿರುವ ಬ್ಯಾಕಪ್ ಪ್ರತಿ) ಹೋಗುತ್ತದೆ. ಬ್ಯಾಕಪ್ ಆಗಿದ್ದರೆ 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಅಷ್ಟರೊಳಗೆ ವಾಪಸ್ ತರಬಹುದು. ಫೋನಿನಲ್ಲಿ ಜಾಗ ಬೇಕು ಅಷ್ಟೇ ಅಲ್ವಾ? ಅದಕ್ಕೆ 'ಫ್ರೀ ಅಪ್ ಸ್ಪೇಸ್' ಇದೆ. ಬ್ಯಾಕಪ್ ಆದವನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ.

ವಾಟ್ಸಾಪ್‌ನಲ್ಲಿ ಬಂದ ಕೋಲದ, ಮದುವೆಯ ಫೋಟೋಗಳಿಗೆ ಆ ಫೋಲ್ಡರಿನ ಬ್ಯಾಕಪ್ ಬೇರೆಯಾಗಿ ಆನ್ ಮಾಡಬೇಕು. 'ಗೂಗಲ್‌ನಲ್ಲಿ ಎಷ್ಟು ಫೋಟೋ ಇಟ್ಟರೂ ಫ್ರೀ' ಅನ್ನುವುದಂತೂ ಹಳೇ ಕತೆ. 2021ರ ಜೂನ್‌ನಿಂದ ಹೊಸ ಫೋಟೋಗಳೂ 15 ಜಿಬಿ ಫ್ರೀ ಜಾಗದ ಲೆಕ್ಕಕ್ಕೆ ಬರುತ್ತವೆ, ಜಿಮೇಲ್ ಸಹ ಅದರಲ್ಲೇ.