ಸಂವಿಧಾನ ಬರೆಯುವ ಸಭೆಗೆ ಎಲ್ಲರ ಮತ ಬೇಕೇ?

ಹೊಸದಾಗಿ ಸ್ವತಂತ್ರವಾದ ದೇಶ ತನ್ನ ಸಂವಿಧಾನ ಸಭೆಯನ್ನು ವಯಸ್ಕರೆಲ್ಲರ ಮತದಿಂದಲೇ ಆರಿಸಬೇಕೇ, ಇಲ್ಲ ಇರುವ ಶಾಸಕರಿಂದ ಆರಿಸಿಕೊಂಡು ಕೆಲಸ ಶುರು ಮಾಡಬಹುದೇ?

ಪರ: ಗೇಣಿದಾರರನ್ನು ಕೇಳಲೇ ಇಲ್ಲ

ಯಾರ ಬದುಕಿಗೆ ಸಂವಿಧಾನ ಕಟ್ಟಳೆ ಹಾಕುತ್ತದೋ ಅವರ ಮತ ಮೊದಲು ಬೀಳಬೇಕು. ಭಾರತದಲ್ಲಿ ಹಾಗಾಗಲಿಲ್ಲ. ಬ್ರಿಟಿಷ್ ಮಂತ್ರಿಗಳ ನಿಯೋಗವಾದ ಕ್ಯಾಬಿನೆಟ್ ಮಿಷನ್ ಕೊಟ್ಟ ಯೋಜನೆಯಂತೆ 1946ರ ಜುಲೈನಲ್ಲಿ ಪ್ರಾಂತ್ಯಗಳ ಶಾಸಕರೇ, ಸುಮಾರು 10 ಲಕ್ಷ ಜನಕ್ಕೆ ಒಬ್ಬರಂತೆ, ಸದಸ್ಯರನ್ನು ಆರಿಸಿದರು. ಆ ಶಾಸಕರಿಗೆ ಮತ ಹಾಕಿದ್ದವರು ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯ ಮತದಾರರು, ಅಂದರೆ ಆಸ್ತಿ, ತೆರಿಗೆ, ವಿದ್ಯೆಯ ಅರ್ಹತೆ ಇದ್ದವರು. 389 ಸ್ಥಾನಗಳಲ್ಲಿ 93 ಸಂಸ್ಥಾನಗಳ ಪಾಲಿನವು. ನಮ್ಮ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಮತ ಹಾಕಲೂ ಇಂಥವೇ ಅರ್ಹತೆಗಳಿದ್ದವು.

ಮಲೆನಾಡಿನಲ್ಲಿ ಇದರ ಪರಿಣಾಮ ಏನು? ಗದ್ದೆಯ ಕಂದಾಯ ಕಟ್ಟುವವನು ಒಡೆಯ. ಉತ್ತು, ನೆಟ್ಟು, ಕೊಯ್ದು ಗೇಣಿಯ ಭತ್ತ ಅಳೆದು ಕೊಡುವವನು ಗೇಣಿದಾರ. ಕಂದಾಯದ ಲೆಕ್ಕದಲ್ಲಿ ಹೆಸರಿಲ್ಲದವನಿಗೆ ಮತ ಎಲ್ಲಿಂದ ಬರಬೇಕು? ಸಾಗರ ತಾಲ್ಲೂಕಿನ ಕಾಗೋಡನ್ನು ನೋಡಿ. ಅಲ್ಲಿ ಜಗಳ ಹತ್ತಿದ್ದು ಅಳತೆಯ ಕೊಳಗದ ಮೇಲೆ. ಮೂರು ಸೇರಿನ ಕೊಳಗದಲ್ಲಿ ಗೇಣಿ ಅಳೆಯುತ್ತೇವೆಂದು ದೀವರ ಸಮುದಾಯದ ಗೇಣಿದಾರರು, ಅದಕ್ಕಿಂತ ದೊಡ್ಡ ಕೊಳಗವೇ ಬೇಕೆಂದು ಒಡೆಯರು. ಒಕ್ಕಲೆಬ್ಬಿಸಿದಾಗ ಎಚ್. ಗಣಪತಿಯಪ್ಪನವರ ರೈತ ಸಂಘ 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಹೂಡಿತು. ಬಿಡಿಸಿದ ಗದ್ದೆಗೇ ನೇಗಿಲು ಹೊತ್ತು ಇಳಿದವರನ್ನು ಪೊಲೀಸರು ಹಿಡಿದರು. ಜೂನ್‌ನಲ್ಲಿ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಿದರು. ಸಂವಿಧಾನ ಜಾರಿಗೆ ಬಂದು ಆಗ ಒಂದೂವರೆ ವರ್ಷವೂ ತುಂಬಿರಲಿಲ್ಲ.

ಅದೇ ಜೂನ್‌ನಲ್ಲಿ ದಿಲ್ಲಿಯಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಆಯಿತು. ಏಕೆ? 31ನೇ ವಿಧಿ ಆಸ್ತಿಯನ್ನು ಮೂಲಭೂತ ಹಕ್ಕಾಗಿಸಿತ್ತು. ಬಿಹಾರದ ಭೂಸುಧಾರಣಾ ಕಾಯ್ದೆ ಪಟನಾ ಹೈಕೋರ್ಟಿನಲ್ಲಿ ಬಿದ್ದುಹೋಗಿತ್ತು. 31ಎ, 31ಬಿ ವಿಧಿಗಳನ್ನು ಸೇರಿಸಿ, ಕಾಯ್ದೆಗಳು ನ್ಯಾಯಾಲಯದಲ್ಲಿ ಬೀಳದಂತೆ ಪಟ್ಟಿ ಮಾಡುವ ಒಂಬತ್ತನೇ ಅನುಸೂಚಿ ಹುಟ್ಟುಹಾಕಿ ಜಮೀನು ಕಾಯ್ದೆಗಳನ್ನು ಉಳಿಸಬೇಕಾಯಿತು. ಗೇಣಿದಾರರು ಆರಿಸಿದ ಸಭೆಯಾಗಿದ್ದರೆ ಆಸ್ತಿಯ ವಿಧಿಯನ್ನು ಮೊದಲ ಸಲವೇ ಬೇರೆ ರೀತಿ ಬರೆಯುತ್ತಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ. 1952ರ ಚುನಾವಣೆಯಲ್ಲಿ ಮತ ಸಿಕ್ಕ ಕೂಡಲೇ ಇದೇ ಸೀಮೆ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು. ಆರು ವರ್ಷ ಮೊದಲೇ ಮತವಿದ್ದಿದ್ದರೆ ಯಾರನ್ನು ಕಳಿಸುತ್ತಿತ್ತು, ಯೋಚಿಸಿ.

ಮೈಸೂರಿನಿಂದ ಹೋಗಿದ್ದ ಕೆ. ಹನುಮಂತಯ್ಯನವರೇ ಸಭೆಯಲ್ಲಿ ನೊಂದು ಹೇಳಿದರು: ನಮಗೆ ಬೇಕಿದ್ದದ್ದು ವೀಣೆಯ, ಸಿತಾರಿನ ನಾದ, ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡು. ಇನ್ನೊಬ್ಬ ಸದಸ್ಯ ದಾಮೋದರ ಸ್ವರೂಪ ಸೇಠ್ ವಯಸ್ಕರ ಮತದಿಂದ ಹೊಸ ಸಭೆ ಆಗಲೆಂದು ಕೇಳಿದರು, ಸಭೆ ಒಪ್ಪಲಿಲ್ಲ.

ಮತದಾರರ ಪಟ್ಟಿ ಮಾಡಲಾಗದು, ಸಮಯ ಸಾಲದು ಎನ್ನುವವರಿಗೆ ನಿಜದಲ್ಲಿ ಜನರ ಮೇಲೆ ನಂಬಿಕೆ ಸಾಲದು. ನಮೀಬಿಯಾ 1989ರ ನವೆಂಬರ್‌ನಲ್ಲಿ 72 ಸದಸ್ಯರನ್ನು ಆರಿಸಿ 1990ರ ಫೆಬ್ರವರಿ 9ಕ್ಕೆ ಸಂವಿಧಾನ ಅಂಗೀಕರಿಸಿತು. ಪೂರ್ವ ಟಿಮೋರ್ 2001ರ ಆಗಸ್ಟ್‌ನಲ್ಲಿ 88 ಮಂದಿಯನ್ನು ಆರಿಸಿ ಮುಂದಿನ ಮಾರ್ಚ್‌ಗೆ ಮುಗಿಸಿತು. ಜನ ನೇರವಾಗಿ ಆರಿಸದ ಸಭೆಗೆ ಆಪತ್ತಿನಲ್ಲಿ ದಿಕ್ಕಿಲ್ಲ. ಪಾಕಿಸ್ತಾನದ ಸಂವಿಧಾನ ಸಭೆಯನ್ನು 1954ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ವಿಸರ್ಜಿಸಿದರು, ನ್ಯಾಯಾಲಯವೂ ಕಾಯಲಿಲ್ಲ.

ವಿರೋಧ: ಪಟ್ಟಿ ಮುಗಿಯುವ ತನಕ ಆಳುವುದು ಯಾವ ಕಾನೂನು?

ನನಗೆ ವಹಿಸಿದ್ದು ವಿರೋಧದ ಪಕ್ಷ. ವಯಸ್ಕ ಮತದಾನವೇ ಬೇಡವೆಂದು ವಾದಿಸುವುದು ನನ್ನಿಂದಾಗದು. ಸಂವಿಧಾನಕ್ಕೆ ಮೊದಲೇ ಅದನ್ನು ನಡೆಸುವುದು ದೊಡ್ಡ ದೇಶಕ್ಕೆ ಆಗದ ಕೆಲಸ ಎಂದಷ್ಟೇ ಹೇಳುತ್ತೇನೆ.

ಮತದಾರರ ಪಟ್ಟಿಯಿಂದಲೇ ಶುರು ಮಾಡೋಣ. ಸಂವಿಧಾನ ಸಭೆಯ ಸಚಿವಾಲಯವೇ 1948ರಲ್ಲಿ ಪ್ರಾಂತ್ಯ, ಸಂಸ್ಥಾನಗಳಿಂದ ಪಟ್ಟಿ ಮಾಡಿಸತೊಡಗಿತು. ವಿಭಜನೆಯ ನಿರಾಶ್ರಿತರಿಗೆ ವಾಸದ ದಾಖಲೆ ಇರಲಿಲ್ಲ; ಇಲ್ಲಿಯೇ ನೆಲೆಸುತ್ತೇವೆಂಬ ಹೇಳಿಕೆ ಬರೆಸಿಕೊಂಡು ಸೇರಿಸಬೇಕಾಯಿತು. ಅನೇಕ ಹೆಂಗಸರು ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದೇ ಬರೆಸಿದರು. ಹೀಗೆ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಕೊನೆಗೆ 17 ಕೋಟಿಗೂ ಮೀರಿದ ಮತದಾರರ ಚುನಾವಣೆ 1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿವರೆಗೆ ನಡೆಯಿತು. ನಮೀಬಿಯಾದ ಮತದಾರರು ಸುಮಾರು 7 ಲಕ್ಷ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಾವು ಕಾದಿದ್ದರೆ ಬರವಣಿಗೆ ಶುರುವಾಗುತ್ತಿದ್ದುದೇ 1952ರಲ್ಲಿ. ಅಲ್ಲಿಯವರೆಗೂ, ಅದಾದ ಮೇಲೂ, ದೇಶ ಬ್ರಿಟಿಷರ 1935ರ ಕಾಯ್ದೆಯಡಿ ಇರುತ್ತಿತ್ತು.

ಸಭೆ ಕೂತ ಮೇಲೆ ಆದ ಕೆಲಸವನ್ನೂ ನೋಡಬೇಕು. ಸಲಹೆಗಾರ ಬಿ.ಎನ್. ರಾವ್ ಮೊದಲು ಪ್ರಶ್ನಾವಳಿ ಹಂಚಿದರು. ಹಕ್ಕುಗಳು, ಕೇಂದ್ರದ ಅಧಿಕಾರ, ಪ್ರಾಂತ್ಯಗಳ ರಚನೆ, ಹೀಗೆ ಒಂದೊಂದಕ್ಕೂ ಬೇರೆ ಸಮಿತಿ ವರದಿ ಕೊಟ್ಟಿತು. ಅವನ್ನು ಆಧರಿಸಿ ರಾವ್ 243 ವಿಧಿಗಳ ಕರಡು ಮಾಡಿದರು. ಅಂಬೇಡ್ಕರರ ಕರಡು ಸಮಿತಿ ಅದನ್ನು ತಿದ್ದಿ 315 ವಿಧಿಗಳಾಗಿಸಿ 1948ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಸಾರ್ವಜನಿಕರಿಗೆ ಅಭಿಪ್ರಾಯ ಹೇಳಲು ತಿಂಗಳುಗಟ್ಟಲೆ ಅವಕಾಶವಿತ್ತು. 7,635 ತಿದ್ದುಪಡಿ ಸೂಚನೆಗಳು ಬಂದವು, 2,473 ಸಭೆಯ ಮುಂದೆ ಮಂಡನೆಯಾದವು. ವಿಧಿ ವಿಧಿಯಾಗಿ ಓದಿ 1949ರ ನವೆಂಬರ್ 26ಕ್ಕೆ 395 ವಿಧಿಗಳಾಗಿ ಮುಗಿಯಿತು. ಆಸ್ತಿವಂತರ ಮತದಿಂದ ಬಂದ ಈ ಸಭೆಯೇ 326ನೇ ವಿಧಿಯಲ್ಲಿ ಎಲ್ಲ ವಯಸ್ಕರಿಗೂ ಮತ ಕೊಟ್ಟಿತು, 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು.

ಜನರೇ ಆರಿಸಿದ ಸಭೆ ಸೋತದ್ದೂ ಉಂಟು. ಇಂಡೋನೇಷ್ಯಾ 1955ರಲ್ಲಿ ಸಂವಿಧಾನ ಸಭೆ ಆರಿಸಿತು. ರಾಷ್ಟ್ರದ ತಳಹದಿ ಪಂಚಶೀಲವೋ (ಆ ದೇಶದ ಐದು ರಾಷ್ಟ್ರತತ್ವಗಳು) ಇಸ್ಲಾಮೋ ಎಂಬಲ್ಲಿ ಯಾರಿಗೂ ಮೂರನೇ ಎರಡು ಬಹುಮತ ಸಿಗಲಿಲ್ಲ. 1959ರ ಜುಲೈ 5ರಂದು ಅಧ್ಯಕ್ಷ ಸುಕರ್ಣೊ ಆ ಸಭೆಯನ್ನು ವಿಸರ್ಜಿಸಿ, ಯಾರೂ ಚುನಾಯಿಸದ ಸಮಿತಿ ಅಂಗೀಕರಿಸಿದ್ದ 1945ರ 37 ವಿಧಿಗಳ ಸಂವಿಧಾನವನ್ನೇ ಮರಳಿ ತಂದರು.

ಇನ್ನು ಕಾಗೋಡಿನ ಮಾತು. ತಿದ್ದುಪಡಿಗೆಂದೇ 368ನೇ ವಿಧಿ ಇದೆ. ಗೇಣಿ ಪದ್ಧತಿ ಹೋದದ್ದು ದೇವರಾಜ ಅರಸರ ಕಾಲದಲ್ಲಿ, ಜನ ಆರಿಸಿದ ಶಾಸನಸಭೆಯ ಕಾಯ್ದೆಯಿಂದ. ಅದು 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ಮೇಲೆ ಮಲೆನಾಡಿನ ಗೇಣಿದಾರರು ನಮೂನೆ 7 ಎಂಬ ಅರ್ಜಿ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟು ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು.